ಮಾಮಾನ ಆಕ್ಷೇಪಣೆಗಳು

ನಮ್ಮ ಸೋದರಮಾವ ಇಲ್ಲದಿದ್ದರೆ ಅಂತಾರಾಷ್ಟ್ರೀಯ ಕಾನೂನು ಇಷ್ಟು ಹೊತ್ತಿಗೆ ಕೆಟ್ಟು ಕೆರ ಹಿಡಿಯುತ್ತಿತ್ತು! ಇದು ನನ್ನ ಮಾತಲ್ಲ, ಅವರದೇ. ಸೊಲ್ಲಾಪುರದಲ್ಲಿ ಅವರದು ಚಾದರದ ಅಂಗಡಿ. ಪ್ರಾಯದಲ್ಲಿ ಅರ್ಧ ವಕೀಲಿ ಓದಿ ಬಿಟ್ಟವರು. ಗಿರಾಕಿ ಚಾದರ ಬಿಡಿಸಿ ನೋಡುತ್ತಿದ್ದರೆ ಇವರು ಮೊಬೈಲಿನಲ್ಲಿ ಯಾವುದೋ ದೇಶದ ವಿದೇಶಾಂಗ ಮಂತ್ರಿಯ ಪೋಸ್ಟಿನ ಕೆಳಗೆ ಇಂಗ್ಲಿಷಿನಲ್ಲಿ 'ನನ್ನ ಆಕ್ಷೇಪವಿದೆ' ಎಂದು ಬರೆಯುತ್ತಿರುತ್ತಾರೆ.

"ಅವರಿಗೂ ನಿಮಗೂ ಏನ ಸಂಬಂಧರಿ ಮಾಮಾ?"

"ಹುಚ್ಚಾ! ಒಂದ ದೇಶ 'ಈ ಸಮುದ್ರ ನಂದು' ಅಂತ ಬರೀತೈತಿ. ಯಾರೂ ತಕರಾರ ಮಾಡ್ಲಿಲ್ಲಂದ್ರ ನಾಳಿ ಅದೇ ಕಾಯ್ದಾ ಆಗತೈತಿ!"

"ಆದ್ರ ನೀವು ದೇಶ ಅಲ್ಲಲ್ರಿ?"

"ದೇಶಕ್ಕ ವೇಳ ಸಿಗಬೇಕಲ್ಲೋ?"

ಮನೆಯ ವಾಟ್ಸಾಪ್ ಗುಂಪಿನಲ್ಲೂ ಇದೇ ಕಥೆ. ಮಾಮಿ "ಸಂಜಿಗೆ ಝುಣಕಾ" ಎಂದು ಹಾಕಿದರೆ ಲಿಖಿತ ಆಕ್ಷೇಪಣೆ! ಸಂಜೆ ತಟ್ಟೆಗೆ ಅದೇ ಕಡಲೆಹಿಟ್ಟಿನ ಝುಣಕಾ ಬಂತು, ಮಾಮಾ ಎರಡು ಸಲ ಹಾಕಿಸಿಕೊಂಡರು.

ನಾವು ಹೀಗೆ ನಗುತ್ತಿದ್ದಾಗಲೇ, ಭಾವ ಕೆಲಸ ಮಾಡುವ ಸರಕು ಹಡಗನ್ನು ದೂರದ ಬಂದರೊಂದರಲ್ಲಿ ತಡೆದು ನಿಲ್ಲಿಸಿದರು. ಎರಡು ದೇಶಗಳ ಜಗಳ, ಬೈದಾಟವೆಲ್ಲ ಪೋಸ್ಟುಗಳಲ್ಲಿ. ಅಕ್ಕಲಕೋಟೆಯಲ್ಲಿದ್ದ ಅಕ್ಕನಿಗೆ ಅನ್ನ ಇಳಿಯಲಿಲ್ಲ. ಮಾಮಾ ಅಂಗಡಿಯನ್ನು ಮಾಮಿಗೆ ಒಪ್ಪಿಸಿ ದಿನಾ ಬೆಳಿಗ್ಗೆ ಅಕ್ಕಲಕೋಟೆಯ ಬಸ್ಸು ಹತ್ತಿದರು.

ಹಡಗು ತಡೆದ ದೇಶದ ಮಂತ್ರಿ ಹಿಂದೊಮ್ಮೆ 'ಯಾವ ನಾವಿಕನನ್ನೂ ನಾವು ಒತ್ತೆ ಇಡುವುದಿಲ್ಲ' ಎಂದು ಬರೆದಿದ್ದನಂತೆ. ಅದನ್ನು ಮಾಮಾ ಹುಡುಕಿ ತೆಗೆದು, ಅವನ ಒಂದೊಂದು ಪೋಸ್ಟಿನ ಕೆಳಗೂ ಅಂಟಿಸಿದರು. "ಮಂತ್ರಿ ಜಗತ್ತಿನ ಮುಂದ ಕೊಟ್ಟ ಮಾತು ದೇಶಾನ ಕಟ್ಟಿ ಹಾಕತೈತಿ!" ಮಂತ್ರಿ ಏನು ಮಾಡಿದ? ಕಮೆಂಟುಗಳ ಬಾಗಿಲನ್ನೇ ಮುಚ್ಚಿದ! "ಬಘಾ, ನೋಡ್ರಿ, ಅಂಜ್ಯಾನ!" ಎಂದು ಮಾಮಾ ಓಣಿಗೆಲ್ಲ ಪೇಢೆ ಹಂಚಿದರು.

ಕೆಲವು ವಾರಗಳ ಮೇಲೆ ನಾವಿಕರನ್ನೆಲ್ಲ ಬಿಟ್ಟರು. ಸರ್ಕಾರಗಳ ಮಾತುಕತೆಯಿಂದಲೋ, ಮಾಮಾನ ಕಾಟದಿಂದಲೋ, ಯಾರು ಬಲ್ಲರು? ಸೊಲ್ಲಾಪುರ ಸ್ಟೇಷನ್ನಿನಲ್ಲಿ ಭಾವ ಇಳಿದಾಗ ನಮ್ಮೆಲ್ಲರ ಎದೆಯ ಮೇಲಿನ ಕಲ್ಲೂ ಇಳಿಯಿತು.

ಅಕ್ಕ ನನ್ನ ಕಿವಿಯಲ್ಲಿ ಹೇಳಿದಳು: "ಮೊದಲ ಎರಡ ದಿನ ಅಷ್ಟ ಅಂಜಿದ್ದೆ ನೋಡು. ಆಮ್ಯಾಲ ಮಾಮಾ ಟೀವಿ ಹಚ್ಚಾಕ ಬಿಡಲಿಲ್ಲ. ಮಂತ್ರಿ ಬರದದ್ದನ್ನ ದಿನಾ ತಾವ ಓದಿ ಹೇಳತಿದ್ರು. 'ಹುಡುಗ್ರು ಆರಾಮ ಅದಾರ, ಊಟ ಛಲೋ ಐತಿ' ಅಂತ."

ಅಕ್ಕ ಓದಿದ್ದು ಮರಾಠಿ ಸಾಲೆಯಲ್ಲಿ, ಇಂಗ್ಲಿಷು ಬಾರದು. ಆ ಪೋಸ್ಟುಗಳನ್ನು ನಾನೂ ದಿನಾ ಓದುತ್ತಿದ್ದೆ. ವಿಚಾರಣೆ, ಜೈಲು, ಶಿಕ್ಷೆ... ಊಟದ ಸುದ್ದಿ ಒಂದರಲ್ಲೂ ಇರಲಿಲ್ಲ.

ಮಾಮಾನ ಕಡೆ ನೋಡಿದೆ. ಅವರು ಭಾವನ ಭಾರದ ಚೀಲವನ್ನು ಹೆಗಲಿಗೇರಿಸಿಕೊಂಡು, ನನ್ನ ಕಣ್ಣು ತಪ್ಪಿಸಿ, ಎಲ್ಲರಿಗಿಂತ ಮುಂದೆ ಹೋಗಿ ಆಟೋ ಕೂಗುತ್ತಿದ್ದರು.