ಪರದೆ ಬಿಟ್ಟು ಹೋದ ‘ಉಳಿಸು’ ಬಟನ್ ಸಾಹೇಬರಿಗೆ

ಮಾನ್ಯರೇ,

ನೌಬಾದದ ಬಾಡಿಗೆ ಕೋಣೆಯೊಂದರಲ್ಲಿ ಕುಳಿತು ತಮಗಾಗಿ ಕೋಡ್ ಬರೆಯುವ ಮಂಜಿರಿಯ ಸಾಷ್ಟಾಂಗ ನಮಸ್ಕಾರಗಳು. ತಾವು ಎಲ್ಲಿದ್ದರೂ ಕ್ಷೇಮವಾಗಿದ್ದೀರೆಂದು ನಂಬಿದ್ದೇನೆ. ಎಲ್ಲಿದ್ದೀರೆಂಬುದೇ ಗೊತ್ತಾಗದ ಕಾರಣ ಈ ಪತ್ರವನ್ನು ಬಹಿರಂಗವಾಗಿ ಬರೆಯಬೇಕಾಗಿ ಬಂದಿದೆ.

ಭಾಲ್ಕಿಯ ನಮ್ಮ ಸಂಸ್ಥೆ ಕುರಿ ಸಾಕುವವರಿಗೆಂದು ಮಾಡಿದ ಆ್ಯಪ್‌ನಲ್ಲಿ ತಮ್ಮದು ಒಂದೇ ಒಂದು ಕೆಲಸ. ಕುರಿಗಳ ಸಂಖ್ಯೆ ಬರೆದವರು ತಮ್ಮನ್ನು ಒತ್ತಿದರೆ ಅವರ ಹೆಸರು ಲಸಿಕೆಯ ಪಟ್ಟಿಗೆ ಸೇರಬೇಕು. ಔರಾದ ತಾಲ್ಲೂಕಿನ ಚಿಂತಾಕಿಯ ಜನಾಬಾಯಿ ನಲವತ್ಮೂರು ಕುರಿಗಳೆಂದು ಬರೆದು, ತಮ್ಮ ದರ್ಶನಕ್ಕಾಗಿ ಪರದೆ ಉಜ್ಜಿ ಉಜ್ಜಿ ಸುಸ್ತಾದರು. ಅವರ ಫೋನಿನಲ್ಲಿ ಅಕ್ಷರ ದೊಡ್ಡವು, ಪರದೆ ಸಣ್ಣದು. ತಾವು ಕೆಳಗಿನ ಅಂಚು ದಾಟಿ ಹೊರಟುಹೋಗಿದ್ದಿರಿ. ಮೊದಲ ಪಟ್ಟಿಯಲ್ಲಿ ಅವರ ಹೆಸರೇ ಬರಲಿಲ್ಲ. ಪಕ್ಕದ ಹಟ್ಟಿಯಲ್ಲಿ ಆಗಲೇ ರೋಗ ಕಾಣಿಸಿಕೊಂಡಿದೆ, ಎರಡನೆಯ ಹಾಗೂ ಕೊನೆಯ ಪಟ್ಟಿ ನಾಳೆ ಸಂಜೆ ಮುಚ್ಚುತ್ತದೆ.

ತಮ್ಮ ನಿಷ್ಠೆಯನ್ನು ಮಾತ್ರ ಮೆಚ್ಚಲೇಬೇಕು. ನಮ್ಮದು ಫಂಕ್ಷನಲ್ ಪ್ರೋಗ್ರಾಮಿಂಗ್ ಭಾಷೆ. ಇಲ್ಲಿ ಪರದೆಯೂ ಒಂದು ಫಂಕ್ಷನ್, ಅದೇ ಮಾಹಿತಿ ಕೊಟ್ಟರೆ ಅದೇ ಚಿತ್ರ ಬರಬೇಕೆಂಬುದು ಇಲ್ಲಿಯ ಕಟ್ಟಳೆ. ತಾವು ಆ ಕಟ್ಟಳೆಗೆ ಎಳ್ಳಷ್ಟೂ ಚ್ಯುತಿ ಬಾರದಂತೆ, ನೂರು ಸಲ ತೆರೆದರೂ ನೂರು ಸಲ ಅದೇ ಜಾಗದಿಂದ ನಾಪತ್ತೆಯಾಗುತ್ತೀರಿ. ಇಂಥ ಶಿಸ್ತು ನನಗೆ ಶಾಲೆಯಲ್ಲಿಯೂ ಬರಲಿಲ್ಲ.

ಅಯ್ಯೋ, ತಮ್ಮ ಉಪಚಾರದಲ್ಲಿ ನಾವೇನು ಕಡಿಮೆ ಮಾಡಿದ್ದೆವು? ತಾವು ಮೊದಲ ಸಲ ಅಲುಗಿದಾಗ ನಮ್ಮ ಹಿರಿಯರಾದ ಭಾಲಚಂದ್ರ ಸರ್ ತಮ್ಮ ಸುತ್ತ ಒಂದು ಚೌಕಟ್ಟು ಹಾಕಿದರು. ಕನ್ನಡದ ಕೆಳಗೆ ಮರಾಠಿಯೂ ಬಂದಾಗ ತಾವು ಮತ್ತೆ ಜಾರಿದಿರಿ, ನನ್ನ ಸಹೋದ್ಯೋಗಿ ಆಶೀಷ ಆ ಚೌಕಟ್ಟಿಗೇ ಇನ್ನೊಂದು ಚೌಕಟ್ಟು ತೊಡಿಸಿದ. ಹಿರಿಯರು ಬರೆದ ಕೋಡನ್ನು ಕಿರಿಯರು ತೆಗೆಯುವುದು ನಮ್ಮ ಕಚೇರಿಯಲ್ಲಿ ಮರ್ಯಾದೆಯಲ್ಲ. ಆದ್ದರಿಂದ ಎಲ್ಲರೂ ಹೊರಗಿನಿಂದ ಹೊರಗಿನಿಂದಲೇ ಸುತ್ತುತ್ತ ಬಂದೆವು. ಹದಿನಾರು ಆದವು. ಅದರಲ್ಲಿ ಒಂಬತ್ತು ನನ್ನವೇ ಎಂದು ಹೇಳಲು ನನಗೆ ನಾಚಿಕೆಯಾಗುತ್ತದೆ. ಪ್ರತಿಯೊಂದೂ ಒಳಗೆ ಒಂದಿಷ್ಟು ಖಾಲಿ ಜಾಗ ಬಿಟ್ಟು, ಎಲ್ಲವೂ ಸೇರಿ ತಮ್ಮನ್ನು ಪರದೆಯಾಚೆ ದಬ್ಬಿದವು.

ನಿನ್ನೆ ನಾನೇ ಚಿಂತಾಕಿಗೆ ಹೋಗಿ, ದೋಷ ಹುಡುಕಲೆಂದು ಜನಾಬಾಯಿಯವರ ಫೋನಿನಲ್ಲೇ ಪ್ರತಿ ಚೌಕಟ್ಟಿಗೂ ಕೆಂಪು ಗೆರೆ ಮೂಡಿಸಿದೆ. ಜನಾಬಾಯಿ ಕನ್ನಡಕ ಏರಿಸಿ ನೋಡಿ, “ಅಲ್ಲ ತಂಗಿ, ಒಂದ ಕುರಿಗಿ ಹದಿನಾರು ಹಟ್ಟಿ ಯಾಕ ಹಾಕೀರಿ? ಅದಕ ನಿಂದರ್ಲಾಕ ಜಾಗ ಎಲ್ಲದ?” ಎಂದರು. ಆಮೇಲೆ ದನಿ ತಗ್ಗಿಸಿ, “ನಾ ಬರಿಯೋದು ಬರ್ದೀನಿ. ನನ್ನ ಕುರಿ ಯಾಕ ಬಿಟ್ರಿ?” ಎಂದರು.

ಇವತ್ತು ಬೆಳಿಗ್ಗೆ ಕುಳಿತು ಹದಿನಾರನ್ನೂ ಕಿತ್ತುಹಾಕಿದೆ, ಸರ್ ಅವರದ್ದನ್ನೂ ಬಿಡಲಿಲ್ಲ. ಇನ್ನೂರ ಹನ್ನೆರಡು ಸಾಲಿನ ಕೋಡ್ ಹನ್ನೊಂದು ಸಾಲಿಗೆ ಇಳಿದಿದೆ. ಎಲ್ಲವನ್ನೂ ಒಂದರ ಕೆಳಗೊಂದು ಇಡು, ಮೇಲಿನ ಬರಹಕ್ಕೆ ಜಾಗ ಸಾಲದಿದ್ದರೆ ಅದು ಸರಿದಾಡಲಿ, ಬಟನ್ ಮಾತ್ರ ಕೆಳಗೆ ನಿಂತಿರಲಿ: ಇಷ್ಟನ್ನು ಹೇಳುವ ಒಂದೇ ಫಂಕ್ಷನ್ ಉಳಿದಿದೆ.

ಆದಕಾರಣ ತಮ್ಮಲ್ಲಿ ನಮ್ರ ವಿನಂತಿ ಏನೆಂದರೆ, ನಾಳೆ ಒಂದು ದಿನದ ಮಟ್ಟಿಗಾದರೂ ತಾವು ಪರದೆಯ ಮೇಲೆ ಉಪಸ್ಥಿತರಿರಬೇಕು. ಹೋಗಲೇಬೇಕಾದ ತುರ್ತು ಬಂದಲ್ಲಿ ರಜೆ ಅರ್ಜಿ ಬರೆದಿಟ್ಟು, ‘ಅಳಿಸು’ ಬಟನ್ ಅವರೊಬ್ಬರನ್ನು ಬಿಟ್ಟು ಬೇರೆ ಯಾರನ್ನಾದರೂ ಬದಲಿಗೆ ನಿಲ್ಲಿಸಿ ಹೋಗಬೇಕು. ಅದೂ ಆಗದಿದ್ದರೆ ಖುದ್ದಾಗಿ ಚಿಂತಾಕಿಗೆ ತೆರಳಿ ಜನಾಬಾಯಿಯವರ ಬೆರಳಿನ ಕೆಳಗೆ ಹಾಜರಾಗಬೇಕು.

ಹದಿನಾರು ಚೌಕಟ್ಟಿನ ತಪ್ಪೊಪ್ಪಿಗೆಯೊಂದಿಗೆ,
ತಮ್ಮ ವಿಶ್ವಾಸಿ,
ಮಂಜಿರಿ

ವಿ.ಸೂ.: ಮರುದಿನ ಸೇರಿಸಿದ್ದು. ಜನಾಬಾಯಿ ಮಧ್ಯಾಹ್ನವೇ ತಮ್ಮನ್ನು ಒತ್ತಿದರು. ನಲವತ್ಮೂರೂ ಕುರಿಗಳು ಪಟ್ಟಿಯಲ್ಲಿವೆ. ಭಾಲಚಂದ್ರ ಸರ್ ಹೊಸ ಪರದೆ ನೋಡಿ, “ಛಲೋ ಆಗ್ಯಾದ ಮಂಜಿರಿ, ಬಟನ್ ಸುತ್ತ ಒಂದು ಚೌಕಟ್ಟು ಹಾಕಿಬಿಡ್ರಿ, ಶೋಭಾ ಬರ್ತದ” ಎಂದಿದ್ದಾರೆ. ಹಿರಿಯರ ಮಾತು ಮೀರುವಂತಿಲ್ಲ. ಹಳೆಯ ಹದಿನಾರನ್ನೂ ಅವರೊಬ್ಬರ ಫೋನಿಗೆ ಹಾಕಿಕೊಟ್ಟಿದ್ದೇನೆ. ಅಲ್ಲಿಂದ ತಾವು ಯಾವಾಗ ಬೇಕಾದರೂ ಹೋಗಬಹುದು.