ಉಪ್ಪಿನಕಾಯಿ, ನೆಗಡಿ ಗುಳಿಗೆ ಮತ್ತು ನನ್ನ ಬಿ.ಪಿ.

ವಿಜಯಪುರ ಬಿಟ್ಟು ಕಾಂದಿವಲಿಗೆ ಬಂದು ನಲವತ್ತೈದು ವರ್ಷವಾಯಿತು. ಔಷಧಿ ಎಲ್ಲರಿಗೂ ಒಂದೇ ಥರ ನಾಟುತ್ತದೆ ಎಂದು ಯಾರಾದರೂ ಹೇಳಿದರೆ ನಮ್ಮ ಬಿಲ್ಡಿಂಗಿಗೆ ಕರೆದುಕೊಂಡು ಬನ್ನಿ. ಇಲ್ಲಿ ತಿಂಗಳಿಗೊಂದಾದರೂ ಗುಳಿಗೆಯ ಫಜೀತಿ ಇದ್ದೇ ಇರುತ್ತದೆ. ಹೆಚ್ಚಿನವು ನನ್ನವೇ.

ಖಾಲಿ ವಾಟಿ

ಪಕ್ಕದ ಮನೆಯಾಕೆ ಉಡುಪಿ ಕಡೆಯವರು. ಒಂದು ದಿನ ಬೆಳಿಗ್ಗೆ ಆಕೆ ವಾಟಿ ತುಂಬ ಪಾಯಸ ಕಳಿಸಿದರು. ವಾಟಿ ಖಾಲಿ ಹಿಂತಿರುಗಿಸುವ ಪದ್ಧತಿ ನಮ್ಮಲ್ಲಿಲ್ಲ. ಆದರೆ ಅಂದು ಮನೆಯಲ್ಲಿ ಕೊಡುವಂಥದ್ದು ಏನೂ ಇರಲಿಲ್ಲ. ಪಾಪ, ಆಕೆ ಸೀನುತ್ತಿದ್ದರು. ನನ್ನ ಹತ್ತಿರ ನೆಗಡಿ ಗುಳಿಗೆ ಇದ್ದವು. ಎರಡು ಹಾಕಿ ಕೊಟ್ಟೆ. ಅದೇ ಗುಳಿಗೆ ನುಂಗಿ ನಾನು ಇಪ್ಪತ್ತು ರೊಟ್ಟಿ ಬಡಿಯುತ್ತೇನೆ. ಆದರೆ ನನ್ನ ತೂಕ ಎಂಬತ್ತು ಕಿಲೋ, ಆಕೆಯದು ಅದರ ಅರ್ಧ. ಹತ್ತು ಗಂಟೆಗೆ ಒಂದೇ ಒಂದು ನುಂಗಿ ಮಲಗಿದವರು ಸಂಜೆ ಎದ್ದು, ಬೆಳಗಾಯಿತೆಂದು ಹಲ್ಲುಜ್ಜಿದರಂತೆ.

ಮುಂದಿನ ವಾರ ಪತ್ರೊಡೆ ಕಳಿಸಿದರು, ಬಾಳೆಲೆಯಲ್ಲಿ ಕಟ್ಟಿ. ಹಿಂತಿರುಗಿಸಲು ವಾಟಿಯೇ ಇಲ್ಲ.

ಹಗ್ಗಜಗ್ಗಾಟ

ನನ್ನ ಎರಡೂ ಕಣ್ಣಿಗೆ ಪೊರೆ. ಅಕ್ಕಿಯಲ್ಲಿ ಕಲ್ಲು ಕಾಣದು, ಮೊಮ್ಮಗಳ ಮುಖ ಮಂಜು ಮಂಜು. ಬಿ.ಪಿ. ಇಳಿಯದೆ ಆಪರೇಷನ್ ಇಲ್ಲ ಎಂದು ಇಲ್ಲಿನ ಕಣ್ಣಿನ ಡಾಕ್ಟರು ಹಿಂದಿಯಲ್ಲಿ, ಬಹಳ ಮರ್ಯಾದೆಯಿಂದ ಹೇಳಿದರು. ತಪ್ಪಿಸದೆ ಗುಳಿಗೆ ನುಂಗಿದೆ. ಇಳಿಯಲಿಲ್ಲ.

ಕೊನೆಗೆ ಕುರ್ಲಾಕ್ಕೆ ಹೋದೆ. ಅಲ್ಲಿರುವ ಡಾಕ್ಟರು ನಮ್ಮ ಕಡೆಯವರು. ಅಳೆದರೆ ನೂರೆಂಬತ್ತು. ಗುಳಿಗೆ ಯಾವುದರ ಜೊತೆ ನುಂಗುತ್ತೀರಿ ಎಂದರು. ರೊಟ್ಟಿ ಜೊತೆ ಎಂದೆ. ರೊಟ್ಟಿ ಯಾವುದರ ಜೊತೆ ಎಂದರು. ಬಾಯಿ ಬಿಡಲೇಬೇಕಾಯಿತು.

"ಏನ್ರೀ ಆಯಿ, ಗುಳಿಗಿ ಬಿ.ಪಿ. ಕೆಳಗ ಜಗ್ಗತೈತಿ, ನೀವು ಉಪ್ಪಿನಕಾಯಿ ತಿಂದು ಮ್ಯಾಲೆ ಜಗ್ಗತೀರಿ. ಬುದ್ಧಿ ಐತೇನ್ರಿ?"

ಹತ್ತು ನಿಮಿಷ ಬೈದರು. ನಮ್ಮವ್ವ ಹೋದ ಮೇಲೆ ಇಷ್ಟು ಚೆಂದ ಯಾರೂ ಬೈದಿರಲಿಲ್ಲ. ಮತ್ತೆ ಅಳೆದರೆ ನೂರೈವತ್ತು. ಹೊಸ ಗುಳಿಗೆ ಇನ್ನೂ ಬರೆದೇ ಇರಲಿಲ್ಲ.

ಹಸಿರು ಗೌನು

ತಿಂಗಳಿಡೀ ಉಪ್ಪಿನಕಾಯಿ ಮುಟ್ಟಲಿಲ್ಲ. ಮನೆಯಲ್ಲಿ ಅಳೆದಾಗಲೆಲ್ಲ ನೂರಮೂವತ್ತು. ಆಪರೇಷನ್ ದಿನ ಹಸಿರು ಗೌನು ತೊಡಿಸಿ ಅಳೆದರು, ನೂರೆಪ್ಪತ್ತು. ಅರ್ಧ ಗಂಟೆ ಸುಮ್ಮನೆ ಕೂರಿಸಿದರು, ನೂರೆಂಬತ್ತು. ಮುಂದಿನ ತಿಂಗಳು ನೋಡೋಣ ಎಂದರು ಕಣ್ಣಿನ ಡಾಕ್ಟರು. ನನಗೆ ಅಳುವೇ ಬಂತು.

ಮೊಮ್ಮಗಳು "ಆಯಿ, ಏಕ್ ಮಿನಿಟ್" ಎಂದು ಕುರ್ಲಾಕ್ಕೆ ಫೋನ್ ಹಚ್ಚಿ ಸ್ಪೀಕರ್ ಹಾಕಿದಳು.

"ನಿಮಗೇನ್ರಿ ಹೆದರಿಕಿ? ಹೆದರೋದಿದ್ರ ಆ ಡಾಕ್ಟರು ಹೆದರಬೇಕು, ಚಾಕು ಹಿಡಿಯೋರು ಅವರು. ನೀವು ಸುಮ್ನ ಮಕ್ಕೊಳ್ಳೋದು. ಅಷ್ಟೂ ಬರಂಗಿಲ್ಲೇನ್ರಿ?"

ಹಾಗೇ ಹತ್ತು ನಿಮಿಷ ನಡೆಯಿತು. ನನಗೆ ನಗು. ಅಳೆದರೆ ನೂರಮೂವತ್ತೆಂಟು. ಕನ್ನಡ ಬಾರದ ಕಣ್ಣಿನ ಡಾಕ್ಟರು ಕೈ ಮುಗಿದು, ಇದು ಯಾವ ದೇವರ ಸ್ತೋತ್ರ ಎಂದರು. ಮೊಮ್ಮಗಳು ನಿಜ ಹೇಳಿಬಿಟ್ಟಳು.

ಆಪರೇಷನ್ ಆಯಿತು. ಮರುದಿನ ಪಟ್ಟಿ ಬಿಚ್ಚಿ ಕೈಗೊಂದು ಮರಾಠಿ ಚೀಟಿ ಕೊಟ್ಟರು. ಹೊಸ ಕಣ್ಣಿನಿಂದ ನಾನು ಮೊದಲು ಓದಿದ್ದು ಅದನ್ನೇ. ಎರಡನೇ ಕಣ್ಣಿನ ತಾರೀಖು, ಅದರ ಕೆಳಗೆ ಔಷಧಿ: ಕುರ್ಲಾದ ಬೈಗುಳ, ಹತ್ತು ನಿಮಿಷ, ಖಾಲಿ ಹೊಟ್ಟೆಯಲ್ಲಿ.