ದಕ್ಷಿಣಕ್ಕೆ ತೆರೆದ ಬಿಸಿಲುಕೋಣೆ

ಏಳು ಖಂಡಗಳಲ್ಲಿ ಯಾವುದು ಎಲ್ಲಿದೆ ಎಂದು ನಿದ್ದೆಯಿಂದ ಎಬ್ಬಿಸಿ ಕೇಳಿ, ಹೇಳುತ್ತೇನೆ. ಆಫ್ರಿಕಾ ನಾಲ್ಕೂ ಗೋಳಾರ್ಧಗಳಿಗೆ ಕಾಲು ಚಾಚಿದೆ. ಯುರೋಪು ಪೂರ್ತಿ ಉತ್ತರದ್ದು. ನಮ್ಮ ಆಸ್ಟ್ರೇಲಿಯಾ ಪೂರ್ತಿ ದಕ್ಷಿಣದ್ದು. ಟಾಸ್ಮೇನಿಯಾದ ಶಾಲೆಯೊಂದರಲ್ಲಿ ಮೂವತ್ತೊಂದು ವರ್ಷ ಇದನ್ನೇ ಅರೆದು ಕುಡಿಸಿದವನು ನಾನು. ಇಂಥ ಮಹಾಪಂಡಿತ ಸ್ವಂತ ಮನೆಯಲ್ಲಿ ಎರಡು ಕಂಬಳಿ ಹೊದ್ದು ನಡುಗುತ್ತಿದ್ದಾನೆ ಎಂದರೆ ಯಾರ ಹತ್ತಿರ ಹೇಳಿಕೊಳ್ಳಲಿ?

ಹೆಂಡತಿ ನೊರೀನ್‌ಗೆ ಬೆರಳುಗಳ ಸಂಧಿವಾತ. ಶಾಲೆಯ ಕತ್ತಲು ಕ್ವಾರ್ಟರ್ಸಿನಲ್ಲಿ ಆಯುಷ್ಯ ಕಳೆದ ಅವಳು ಕೇಳಿದ್ದು ಒಂದೇ: ಚಳಿಗಾಲದಲ್ಲಿ ಕೂತು ಹೆಣೆಯಲು ಬಿಸಿಲು ಬೀಳುವ ಒಂದು ಕೋಣೆ. ನಿವೃತ್ತನಾದ ಮೇಲೆ ಇಂಗ್ಲೆಂಡಿನ ಪತ್ರಿಕೆಯೊಂದರಿಂದ ಮನೆಯ ನಕ್ಷೆ ಆರಿಸಿದೆ. ‘ಸೂರ್ಯಭವನವು ದಕ್ಷಿಣಾಭಿಮುಖವಾಗಿರಲಿ’ ಎಂದಿತ್ತು. ಹಾಗೇ ಕಟ್ಟಿಸಿದೆ. (ಇಂಗ್ಲೆಂಡಿನ ದಕ್ಷಿಣಕ್ಕೆ ಸೂರ್ಯ ಇರುತ್ತಾನೆ. ನಮಗೆ ಸೂರ್ಯ ಉತ್ತರಕ್ಕೆ; ದಕ್ಷಿಣಕ್ಕೆ ಇರುವುದು ಅಂಟಾರ್ಕ್ಟಿಕಾ.)

ಜೂನ್ ಬಂತು, ಚಳಿ ಬಂತು.

“ಬಿಸಿಲು ಎಲ್ರೀ?”

“ಬರುತ್ತೆ ಕಣೇ, ಸ್ವಲ್ಪ ತಾಳು.”

“ಹತ್ತು ದಿನದಿಂದ ತಾಳ್ತಾನೇ ಇದೀನಿ. ಬಟ್ಟೆ ಒಗೆಯೋ ಕೋಣೆಗೆ ಹೋಗಿ ನೋಡಿ, ಅಲ್ಲಿ ಸೋಪಿನ ಪುಡಿ ಹಾಯಾಗಿ ಬಿಸಿಲು ಕಾಯಿಸ್ಕೋತಾ ಕೂತಿದೆ!”

ಮನೆ ಕಟ್ಟಿದ ಗಾರ್ತ್‌ನನ್ನು ಕರೆಸಿದೆ. ನನ್ನ ಹಳೇ ಶಿಷ್ಯ. ದಕ್ಷಿಣ ಅಮೆರಿಕ ಪೂರ್ತಿ ದಕ್ಷಿಣಾರ್ಧದಲ್ಲಿದೆ ಎಂದು ಬರೆದು ನನ್ನಿಂದ ಸೊನ್ನೆ ಪಡೆದವನು.

“ಕಟ್ಟುವಾಗಲೇ ಹೇಳಬಾರದಿತ್ತೇನೋ?”

“ಎರಡು ಸಲ ಹೇಳಿದ್ನಲ್ಲ ಸಾರ್. ‘ಭೂಗೋಳ ನನಗೇ ಕಲಿಸ್ತೀಯೇನೋ’ ಅಂತ ಬೈದ್ರಿ.”

ನೊರೀನ್ ನಗಲಿಲ್ಲ. ನಕ್ಕಿದ್ದರೆ ಬದುಕಿಕೊಳ್ಳುತ್ತಿದ್ದೆ. ಬೆರಳು ನೀವಿಕೊಳ್ಳುತ್ತಾ, “ಊರ ಮಕ್ಕಳಿಗೆಲ್ಲ ಭೂಮಿ ತೋರಿಸಿದ್ರಿ. ನನಗೊಂದು ಕಿಟಕಿ ಬಿಸಿಲು ತೋರಿಸೋಕಾಗಲಿಲ್ಲ ನಿಮ್ಮ ಕೈಲಿ” ಎಂದಳು. ಅವಮಾನ ಹೇಗೋ ನುಂಗಬಹುದಿತ್ತು, ಆ ಸೊಟ್ಟಗಾದ ಬೆರಳುಗಳನ್ನು ನೋಡಲಾಗಲಿಲ್ಲ.

ಮರುವಾರವೇ ಗಾರ್ತ್ ಒಗೆಯುವ ಕೋಣೆಯ ಉತ್ತರದ ಗೋಡೆ ಒಡೆದು ದೊಡ್ಡ ಕಿಟಕಿ ಇಟ್ಟ. ನೊರೀನಳ ಕುರ್ಚಿ, ಉಣ್ಣೆ, ಬೆಕ್ಕು ಅಲ್ಲಿಗೆ ಹೋದವು. ಒಗೆಯುವ ಯಂತ್ರ, ಒಣಗಿಸುವ ಯಂತ್ರ ನನ್ನ ಸೂರ್ಯಭವನಕ್ಕೆ ಬಂದವು. ನನಗೂ ಅವಳ ಪಕ್ಕದಲ್ಲೊಂದು ಕುರ್ಚಿ ಹಾಕಲೇ ಎಂದು ಕೇಳಿದೆ. “ಜಾಗ ಇಲ್ಲ” ಎಂದಳು, ಬೆಕ್ಕನ್ನು ಸರಿಸದೆ.

ಈಗ ದಿನವೂ ಬಟ್ಟೆ ಒಗೆಯುವವನು ನಾನೇ. ಎಂಥ ಗಂಡ ಎಂದು ಬೀದಿಯ ಹೆಂಗಸರೆಲ್ಲ ಹೊಗಳುತ್ತಾರೆ. ಒಣಗಿಸುವ ಯಂತ್ರ ತಿರುಗುವಾಗ ಅದಕ್ಕೆ ಬೆನ್ನು ಕೊಟ್ಟು ಕೂತರೆ ನಲವತ್ತು ನಿಮಿಷ ಚಳಿಯಾಗುವುದಿಲ್ಲ. ಒಗೆಯಲು ಏನೂ ಉಳಿಯದ ದಿನ, ಒಣಗಿದ್ದನ್ನೇ ಮತ್ತೆ ನೆನೆಸುತ್ತೇನೆ.